ನಾಲ್ಕನೇ ಪ್ರಕರಣದ ಮಾದರಿ ಉತ್ತರ

ಮಧುಕೇಶ್ವರ ಸರ್ ಧಾರವಾಡದಲ್ಲಿ ಐದು ದಿನದ ತರಬೇತಿ ಮುಗಿಸಿ ಬಂದದ್ದೇ ಬಂದದ್ದು, ಶಿರಸಿಯ ಆ ಕಾಲೇಜಿನ ಸಮಾಜಕಾರ್ಯ ತರಗತಿಯಲ್ಲಿ ನೋಟ್ಸ್ ಬರೆಸುವುದು ನಿಂತೇಹೋಯಿತು. ಇನ್ನು ಮೇಲೆ ಎಲ್ಲಾ ಕೇಸ್ ಸ್ಟಡಿ. ಯಾರದೋ ಮನೆಯ ಗೋಳನ್ನು ಎರಡು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚುವುದು, ಕೆಳಗೆ ಐದು ಪ್ರಶ್ನೆ. ಹುಡುಗರು ಗುಂಪು ಗುಂಪಾಗಿ ಕೂತು ಆ ಗೋಳನ್ನು ಹಿಂಜುತ್ತಿದ್ದರೆ ಸರ್ ಕಿಟಕಿಗೆ ಬೆನ್ನು ಕೊಟ್ಟು ನಿಂತು, "ಗುಡ್, ಇನ್ನೂ ಆಳಕ್ಕೆ ಹೋಗಿ" ಎನ್ನುವರು. ಅವರಿಗೂ ಆರಾಮ, ಹುಡುಗರಿಗೂ ಆರಾಮ.

ವಿಧಾನವನ್ನೇ ಬೈಯುವಂತಿಲ್ಲ. ಮೊದಲ ಮೂರು ಪ್ರಕರಣ ಚೆನ್ನಾಗಿಯೇ ಇದ್ದವು. ಬಸ್ಸು ಬಾರದ ಊರಿನ ಶಾಲೆ, ಕುಡಿಯುವ ನೀರಿನ ಜಗಳ, ಅಂಥವು. ಸರ್ ಬುದ್ಧಿ ಓಡಿಸಿದ್ದು ಆಮೇಲೆ. ಪ್ರತಿಯೊಬ್ಬರೂ ತಮ್ಮ ಸುತ್ತಮುತ್ತಲಿನ ಒಂದು ಪ್ರಕರಣ ಬರೆದು ತರಬೇಕು, ಹೆಸರು ಊರು ಬದಲಿಸಬೇಕು, ಕೊನೆಯಲ್ಲಿ ಮಾದರಿ ಉತ್ತರವನ್ನೂ ಬರೆಯಬೇಕು, ಇಪ್ಪತ್ತು ಅಂಕ. ಸಿದ್ದಾಪುರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಮಮತಾ ತನ್ನೂರಿನ ಅಂಗನವಾಡಿಯ ಬಗ್ಗೆ ಬರೆದುಕೊಟ್ಟಳು. ಸರ್ ಒಂಬತ್ತು ಅಂಕ ಹಾಕಿ, 'ಸಪ್ಪೆ. ಇದರಲ್ಲಿ ಜೀವ ಇಲ್ಲ. ಮತ್ತೊಂದು ಬರೆದು ತಾ' ಎಂದು ಕೆಂಪು ಶಾಯಿಯಲ್ಲಿ ಗೀಚಿದ್ದರು.

ಜೀವ ಇರುವ ಪ್ರಕರಣ ಮಮತಾಳ ಮನೆಯಲ್ಲೇ ಇತ್ತು. ಅವಳ ಅಕ್ಕ ಪರಿಮಳಾ ಯಲ್ಲಾಪುರದ ಕಡೆಯ ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಹೊಂದಿಕೆ ಆಗಲಿಲ್ಲ ಅಂತ ಊರಿಗೆಲ್ಲ ಹೇಳಿ ಬಾಯಿ ಮುಚ್ಚಿಸಿದ್ದರು. ನಿಜವನ್ನು ಪರಿಮಳಾ ಒಂದೇ ಒಂದು ಸಲ, ಹಳ್ಳದಲ್ಲಿ ಬಟ್ಟೆ ಒಗೆಯುವಾಗ, ಮಮತಾಳಿಗೆ ಮಾತ್ರ ಹೇಳಿದ್ದಳು. ಗಂಡನ ಅಣ್ಣ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತು ಕೈ ಹಿಡಿದು ಎಳೆಯುತ್ತಿದ್ದ. ಒಂದು ಸಲವಲ್ಲ, ಎಂಟು ತಿಂಗಳು. ಗಂಡನಿಗೆ ಹೇಳಿದರೆ ಅವನು, "ಅಣ್ಣ ಅಲ್ದಾ, ಸುಮ್ನಿರು" ಎಂದಿದ್ದ. ತಿರುಗಿ ಬಂದ ದಿನವೇ ಪರಿಮಳಾ ಕತ್ತಿ ತಗೊಂಡು ಜಗುಲಿಯ ಗೋಡೆಯ ಮೇಲಿದ್ದ ತನ್ನ ಮದುವೆಯ ಹಸೆ ಚಿತ್ತಾರವನ್ನು ತಾನೇ ಕೆರೆದು ಹಾಕಿದ್ದಳು.

ಅವರ ಪೈಕಿ ಮನೆಗಳಲ್ಲಿ ಚಿತ್ತಾರವಿಲ್ಲದೆ ಮದುವೆಯಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಪರಿಮಳಾಳ ಕೈ ಅಂದರೆ ನಾಲ್ಕೂರಿಗೆ ಗೊತ್ತು. ಗೆರೆ ನೋಡಿಯೇ ಇದು ಅವಳದ್ದು ಎನ್ನುವರು. ಎರಡು ವರ್ಷ ಕುಂಚ ಮುಟ್ಟದೆ ಕೂತಿದ್ದವಳನ್ನು ಪಕ್ಕದ ಕೇರಿಯ ಚೌಡಮ್ಮ ಈಗ ಕರೆದಿದ್ದಳು. ಮಗಳು ಅನುಶ್ರೀಯ ಮದುವೆಗೆ ನೀನೇ ಬಂದು ಬರೆಯಬೇಕು ಅಂತ. ಪರಿಮಳಾ ಹಿತ್ತಿಲಲ್ಲಿ ಕೂತು ಪುಂಡಿ ನಾರು ಜಜ್ಜಲು ಶುರುಮಾಡಿದ್ದಳು. ಹಾಗೆ ಜಜ್ಜುತ್ತಾ ಸಣ್ಣಗೆ ಹಾಡಿಕೊಳ್ಳುವುದನ್ನು ಮಮತಾ ತನ್ನ ಕಿವಿಯಾರೆ ಕೇಳಿದ್ದಳು.

ಕೇಳಿಯೂ ಬರೆದಳು. ಅಕ್ಕನನ್ನು 'ಪ.' ಮಾಡಿದಳು, ಯಲ್ಲಾಪುರವನ್ನು 'ಒಂದು ತಾಲೂಕು' ಮಾಡಿದಳು, ಬಚ್ಚಲನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಳು, ಜೀವ ಇದ್ದದ್ದು ಅಲ್ಲೇ ಅಲ್ಲವೇ. ಸರ್‌ಗೆ ಫೋಟೋ ಅಂದರೆ ಇಷ್ಟ. ಅಕ್ಕನ ಮುಖ ಹಾಕಬಾರದು ಎಂಬಷ್ಟು ಬುದ್ಧಿ ಅವಳಿಗಿತ್ತು. ಹಾಗಾಗಿ ಕೆರೆದ ಗೋಡೆಯ ಫೋಟೋ ಅಂಟಿಸಿದಳು. ಮೂಲೆಯಲ್ಲಿ ಕತ್ತಿ ತಾಗದೆ ಉಳಿದ ಒಂದು ಗೇಣು ಚಿತ್ತಾರವಿತ್ತು. ಇನ್ನು ಮಾದರಿ ಉತ್ತರ. ಸರ್ ಮೆಚ್ಚುವ ಉತ್ತರಗಳೆಲ್ಲ ಕೊನೆಗೆ ಒಂದುಗೂಡಿಸುವುದರಲ್ಲೇ ಮುಗಿಯುತ್ತವೆಂದು ಅವಳಿಗೆ ಗೊತ್ತಿತ್ತು. 'ಪ. ಅವರಲ್ಲಿ ಹೊಂದಾಣಿಕೆಯ ಗುಣ ಕಡಿಮೆ. ಹಿರಿಯರೊಡನೆ ಮಾತಾಡದೆ ದುಡುಕಿ ಮನೆ ಬಿಟ್ಟರು. ಸಮಾಲೋಚನೆ ನಡೆಸಿ ದಂಪತಿಯನ್ನು ಒಂದುಗೂಡಿಸಬೇಕು' ಎಂದು ದುಂಡಗೆ ಬರೆದಳು. ಇಪ್ಪತ್ತಕ್ಕೆ ಇಪ್ಪತ್ತು ಬಂತು. ಅಷ್ಟೇ ಆಗಿದ್ದರೆ ಅವಳು ಅದನ್ನು ಮರೆತೂಬಿಡುತ್ತಿದ್ದಳು. ಸರ್ ಅದನ್ನೇ ನಾಲ್ಕನೇ ಪ್ರಕರಣವೆಂದು ಅಚ್ಚು ಹಾಕಿಸಿ, ಅವಳನ್ನು ಒಂದು ಮಾತೂ ಕೇಳದೆ, ಬುಧವಾರ ತರಗತಿಯಲ್ಲಿ ಹಂಚಿದರು.

ಆ ಒಂದು ತಾಸು ಮಮತಾ ಕೇಳಿದ್ದನ್ನೆಲ್ಲ ಬರೆದರೆ ಬರೆದ ಕೈ ತೊಳೆದುಕೊಳ್ಳಬೇಕು. ಒಬ್ಬ, ಪ. ಬಚ್ಚಲಿಗೆ ಚಿಲಕ ಯಾಕೆ ಹಾಕಿಸಲಿಲ್ಲ ಎಂದ. ಇನ್ನೊಬ್ಬ, ಎಂಟು ತಿಂಗಳು ಸುಮ್ಮನಿದ್ದಳೆಂದರೆ ಅವಳಿಗೂ ಮನಸ್ಸಿತ್ತೇನೋ ಎಂದ. ಹಿಂದಿನ ಬೆಂಚಿನಲ್ಲಿ ಕಿಸಕಿಸ ನಗು ಎದ್ದಿತು. ಸರ್ ನಗುವನ್ನು ತಡೆಯಲಿಲ್ಲ. "ಇದೂ ಒಂದು ದೃಷ್ಟಿಕೋನ, ಬರ್ಕೊಳ್ಳಿ" ಎಂದರು. ಆಮೇಲೆ ಅಭಿನಯ ಮಾಡಿಸಿದರು. ಒಬ್ಬಳು ಪ. ಆದಳು, ಒಬ್ಬ ಭಾವನಾಗಿ ಅವಳ ಕೈ ಹಿಡಿಯಲು ಎದ್ದು ಬಂದ, ಇಡೀ ತರಗತಿ ಶಿಳ್ಳೆ ಹೊಡೆಯಿತು.  ಮಮತಾ ಎದ್ದು ನಿಲ್ಲಬೇಕೆಂದುಕೊಂಡಳು. ನಿಲ್ಲಲಿಲ್ಲ.

ಆಗ ಅದೇ ತರಗತಿಯಲ್ಲಿದ್ದ ಚೌಡಮ್ಮನ ಮಗ ದರ್ಶನ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, "ಸರ್, ಈ ಗೋಡೆ ನಂಗೊತ್ತು" ಎಂದ. ಆಮೇಲೆ ತಿರುಗಿ ಮಮತಾಳನ್ನು ನೋಡಿದ. ಅವನ ಹಿಂದೆ ನಲವತ್ತು ತಲೆಗಳು ತಿರುಗಿದವು.

ಗಂಟೆ ಹೊಡೆದ ಮೇಲೆ ಅವಳು ಸರ್ ಕೋಣೆಗೆ ಹೋಗಿ, ಹಾಳೆಗಳನ್ನೆಲ್ಲ ವಾಪಸು ತಗೊಳ್ಳಿ ಎಂದು ಕೈಮುಗಿದಳು. ಸರ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು.

"ಇದು ನಿಮ್ಮನೆಯದ್ದೇನಮ್ಮ? ಮೊದಲೇ ಹೇಳಬಾರದಿತ್ತಾ? ಹೇಳಿದ್ರೆ ಚರ್ಚೆ ಇನ್ನೂ ಚೆನ್ನಾಗಿ ಆಗ್ತಿತ್ತು" ಎಂದರು. ಅವರ ಕಣ್ಣಲ್ಲಿ ನಿಜವಾದ ಖುಷಿಯಿತ್ತು. ಮುಂದಿನ ತಿಂಗಳು ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು, ಸರ್ ಪ್ರಕರಣಗಳ ಪುಸ್ತಕ ಮಾಡಿ ಅವರ ಮುಂದಿಡುವವರಿದ್ದರು. ಖಾನೆಯಿಂದ ಒಂದು ಒಪ್ಪಿಗೆ ಪತ್ರ ತೆಗೆದು ಕೊಟ್ಟು, "ಅಕ್ಕನ ಹತ್ರ ಒಂದು ಸಹಿ ಹಾಕಿಸ್ಕೊಂಡು ಬಾ. ಹೋದ ತಿಂಗಳ ತಾರೀಕು ಇರಲಿ" ಎಂದರು. ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ ಅಂಟಿತ್ತು. ಅವರು ಕೆಟ್ಟವರೇನಲ್ಲ ಎನ್ನುವುದೇ ಮಮತಾಳಿಗೆ ಎಲ್ಲಕ್ಕಿಂತ ಹೇಸಿಗೆ ಅನ್ನಿಸಿತು. ಆದರೂ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ದರ್ಶನ ಹಾಳೆಯ ಫೋಟೋ ತೆಗೆದು ತರಗತಿಯಿಂದಲೇ ಮನೆಗೆ ಕಳಿಸಿದ್ದ. ಮಮತಾಳ ಬಸ್ಸು ಮುಟ್ಟುವ ಮೊದಲೇ ಚೌಡಮ್ಮ ಬಂದು ಜಗುಲಿಯ ಮೇಲೆ ಕೂತಿದ್ದಳು.

"ನಂಗೆಂತದೂ ಇಲ್ಲ ಪರಿಮಳಾ" ಎನ್ನುತ್ತಿದ್ದಳು. "ಆದ್ರೆ ಗಂಡಿನ ಕಡೆಯವ್ರು ಯಲ್ಲಾಪುರದವ್ರು. ನಿನ್ನ ಭಾವನ ಪೈಕಿನೇ. ಇಂಥ ಮಾತೆಲ್ಲ ಎದ್ದ ಮೇಲೆ ನೀ ಬಂದು ಹಸೆ ಬರದ್ರೆ ಅವ್ರು ಎಂತ ಅಂದ್ಕತ್ರು? ಬ್ಯಾರೆ ಯಾರನ್ನಾರೂ ಕರಿತೆ. ಬೇಜಾರು ಮಾಡ್ಕಬ್ಯಾಡ."

ಕೈ ಹಿಡಿದು ಎಳೆದವನ ಪೈಕಿಯವರು ಚಪ್ಪರದಡಿ ಎಲೆ ಹಾಕಿ ಕೂರಬಹುದು, ಎಳೆಸಿಕೊಂಡವಳು ಗೋಡೆ ಮುಟ್ಟಬಾರದು. ಈ ನ್ಯಾಯವನ್ನು ಚೌಡಮ್ಮ ಎಷ್ಟು ಮೆತ್ತಗೆ ಹೇಳಿದಳೆಂದರೆ, ಹೋಗುವಾಗ ಪರಿಮಳಾಳ ಗಲ್ಲವನ್ನೂ ಸವರಿ ಹೋದಳು.

ಪರಿಮಳಾ ಅಳಲಿಲ್ಲ. ತಂಗಿಯ ಮುಂದೆ ಕೈ ಚಾಚಿದಳು. ಮಮತಾ ಹಾಳೆ ಕೊಟ್ಟಳು. ಪರಿಮಳಾ ನಿಂತಲ್ಲೇ ಪೂರ್ತಿ ಓದಿದಳು, ಐದು ಪ್ರಶ್ನೆಗಳನ್ನೂ, ಕೆಳಗಿನ 'ಮಾದರಿ ಉತ್ತರ ಪ್ರತ್ಯೇಕ' ಎಂಬ ಸಾಲನ್ನೂ.

"ಇದಕ್ಕೆ ಮಾದರಿ ಉತ್ತರ ಅಂತ ಇರ್ತದಲ್ಲ, ಅದು ಇದ್ರಲ್ಲಿ ಇಲ್ಲೆ. ಅದನ್ನ ಯಾರು ಬರೀತ್ರು?"

"ನಾನೇ ಬರ್ದೆ."

"ಓದು."

ಮಮತಾ ಚೀಲದಿಂದ ಮೂಲ ಪ್ರತಿ ತೆಗೆದು ಓದಿದಳು. 'ಹೊಂದಾಣಿಕೆಯ ಗುಣ ಕಡಿಮೆ' ಎಂಬಲ್ಲಿ ದನಿ ಇಳಿಸಿದಳು. "ಜೋರಾಗಿ" ಎಂದಳು ಪರಿಮಳಾ. ಜೋರಾಗಿ ಓದಿದಳು. ಆಮೇಲೆ ಬೇರೆ ದಾರಿ ಕಾಣದೆ ಒಪ್ಪಿಗೆ ಪತ್ರವನ್ನೂ ಕೊಟ್ಟು, ಕಾಲಿಗೆ ಬೀಳುವಂತೆ ಬಗ್ಗಿದಳು.

"ಏಳು" ಎಂದಳು ಪರಿಮಳಾ. "ಸಹಿ ಹಾಕ್ತೆ. ಆದ್ರೆ ಹೆಸರೆಲ್ಲ ಸರಿಯಾಗಿ ಬರ್ದು ಕೊಡು. ನೀ ಹೆಸರು ಬದ್ಲಿಸಿದ್ರೂ ನನ್ನ ಗುರುತು ಎಲ್ರಿಗೂ ಸಿಕ್ತು. ಅಡಗಿ ಕೂತವ್ರು ಅವ್ರಿಬ್ರೇ. ಬರಿ. ಮೊದ್ಲು ನಂದು, ಆಮೇಲೆ ಅವಂದು, ಆಮೇಲೆ ಅವನ ಅಣ್ಣಂದು. ಊರಿನ ಹೆಸರೂ ಬರಿ."

ಮಮತಾ ಜಗುಲಿಯ ಮೇಲೆ ಕೂತು ಬರೆದಳು. ಅಕ್ಕನ ಹೆಸರು ಬರೆದಳು. ಆ ಇಬ್ಬರ ಹೆಸರನ್ನು ಕಾಗದ ಹರಿಯುವಷ್ಟು ಒತ್ತಿ ಬರೆದಳು. ಬೆಳಗಿನಿಂದ ಮೊದಲ ಸಲ ಎದೆ ಸ್ವಲ್ಪ ಹಗುರಾಯಿತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೂ ಅನ್ನಿಸಿತು.

"ಉತ್ತರದ ಕೆಳಗೆ ನಿಂದೂ ಬರಿ" ಎಂದಳು ಪರಿಮಳಾ. "ಪ. ಅವರ ತಂಗಿ ಅಂತ."

ಪೆನ್ನು ನಿಂತಿತು. ಪುಸ್ತಕವನ್ನು ತಪಾಸಣೆಯವರು ಓದುತ್ತಾರೆ, ತರಗತಿ ಓದುತ್ತದೆ, ನಾಳೆ ತನ್ನನ್ನೂ ನೋಡಲು ಗಂಡಿನ ಕಡೆಯವರು ಬಂದಾರು.

"ನಂದ್ಯಾಕಕ್ಕಾ?" ಎಂದಳು.

ತನ್ನ ಬಾಯಿಂದ ಬಂದ ಆ ಮಾತು ಕಿವಿಗೆ ಬಿದ್ದ ಕೂಡಲೇ ಮಮತಾಳಿಗೆ ವಾಕರಿಕೆ ಬಂತು. ಎದ್ದು ಅಂಗಳದ ಅಂಚಿಗೆ ಓಡಿದಳು. ಹಿಂದೆ ಪರಿಮಳಾ ಬಂದು ಬೆನ್ನು ಸವರುತ್ತಾಳೇನೋ ಎಂದು ಬಗ್ಗಿಕೊಂಡೇ ಕಾದಳು. ಪರಿಮಳಾ ಬರಲಿಲ್ಲ.