ಒಳಗೆ ಬಿಟ್ಟ ಬಟ್ಟೆ

"ಇನ್ನೊಂದ್ಸಲ ಓದು," ಎಂದಳು ಅತ್ತೆ.

ಸೊಸೆ ಪತ್ರವನ್ನು ಮತ್ತೆ ಮೊದಲಿನಿಂದ ಓದತೊಡಗಿದಳು. ಹೊಲಿಗೆ ಅಂಗಡಿ, ಅದರ ಮೇಲಿನ ಎರಡು ಕೋಣೆ, ಬ್ಯಾಂಕಿನ ಖಾತೆ, ಎಲ್ಲವನ್ನೂ ಅತ್ತೆಯ ಪರವಾಗಿ ನೋಡಿಕೊಳ್ಳುವ ಅಧಿಕಾರ ಇನ್ನು ಮುಂದೆ ಸೊಸೆಗೆ. ಮೇಜಿನಾಚೆ ವಕೀಲರು ಎರಡನೇ ಸಲ ಗಡಿಯಾರ ನೋಡಿದರು. ನೋಡಲಿ. ನಲವತ್ತು ವರ್ಷ ಊರಿನವರ ಅಳತೆ ತೆಗೆದ ಹೆಂಗಸು ತನ್ನ ಪತ್ರವನ್ನು ಎರಡು ಸಲ ಕೇಳಬಾರದೇ?

ಅತ್ತೆಯ ಕಣ್ಣು ಕೈಕೊಟ್ಟು ಆರು ತಿಂಗಳಾಗಿತ್ತು. ಸೂಜಿ ಹಾಗಿರಲಿ, ಎದುರಿಗೆ ನಿಂತವರ ಮುಖವೂ ಈಗ ಮಬ್ಬು. ಬೆಳಿಗ್ಗೆ ತಮ್ಮ ಫೋನ್ ಮಾಡಿ, "ರುಜು ಹಾಕಿದ ದಿನವೇ ನಿನ್ನ ಕೈಗೆ ಚಿಪ್ಪು ಕೊಡ್ತಾಳೆ, ನೋಡ್ತಿರು ಅಕ್ಕ," ಎಂದಿದ್ದ. ಅತ್ತೆ ಅವನಿಗೆ ಚೆನ್ನಾಗಿ ಉಗಿದಿದ್ದಳು. ಮಗ ತೀರಿಹೋದ ಮೇಲೂ ತವರಿಗೆ ಹೋಗದೆ ಪಕ್ಕದ ಮಷೀನಿನಲ್ಲಿ ಕೂತವಳು ಈ ಸೊಸೆ. ಆದರೂ ಅತ್ತೆಗೆ ಭಯವಾಗಿತ್ತು. ನಾಳೆಯಿಂದ ತನ್ನ ಅಂಗಡಿಯಲ್ಲೇ ತಾನು ಮೂಲೆಗುಂಪಾಗುತ್ತೇನೆಂಬ ಭಯ.

ಕೊನೆಯ ಪುಟದಲ್ಲಿ ಸೊಸೆ ಓದು ನಿಲ್ಲಿಸಿದಳು. "ಸಾರ್, ಅತ್ತೆ ಬೇಡ ಅಂದಾಗ ಇದನ್ನ ರದ್ದು ಮಾಡಬಹುದು ಅಂತ ಎಲ್ಲೂ ಇಲ್ವಲ್ಲ?"

"ಅದು ಹೇಗೂ ಇದ್ದೇ ಇರುತ್ತಮ್ಮ. ಬರೀಬೇಕಾಗಿಲ್ಲ."

"ಇದ್ದೇ ಇರೋದಾದ್ರೆ ಬರೆಯೋಕೇನು ಕಷ್ಟ? ಬರೀರಿ."

"ಅಧಿಕಾರ ಸಿಗ್ತಿರೋದು ನಿಮಗೇ ತಾನೇ?" ವಕೀಲರು ನಕ್ಕರು.

"ಹೊಲಿಗೆ ಒಳಗೆ ಒಂದಿಂಚು ಬಟ್ಟೆ ಬಿಡದೆ ಹೋದ್ರೆ ನಮ್ಮತ್ತೆ ಪೂರಾ ಬಿಚ್ಚಿಸ್ತಾರೆ ಸಾರ್. ನಾಳೆ ಬಿಗಿಯಾದ್ರೆ ಸಡಿಲ ಮಾಡೋಕೆ ಜಾಗ ಇರಬೇಕಂತೆ. ಮದುವೆಯಾದ ವರ್ಷ ನನ್ನ ಕೈಲಿ ಹನ್ನೊಂದು ಅಂಗಿ ಬಿಚ್ಚಿಸಿದ್ರು."

"ಹನ್ನೆರಡು," ಎಂದಳು ಅತ್ತೆ.

ಹೊಸ ಸಾಲು ಸೇರಿ ಪತ್ರ ಮತ್ತೆ ಮೇಜಿಗೆ ಬಂತು. ವಕೀಲರು ರುಜುವಿನ ಜಾಗವನ್ನು ಬೆರಳಿಟ್ಟು ತೋರಿಸಿದರು. ಅತ್ತೆಗೆ ಕಾಣಲಿಲ್ಲ. ಕಾಣದು ಎನ್ನಲು ನಾಚಿಕೆಯಾಗಿ ಪೆನ್ನು ಹಿಡಿದು ಸುಮ್ಮನೆ ಕೂತಳು. ಸೊಸೆ ಕಾಗದವನ್ನು ತನ್ನತ್ತ ಎಳೆದುಕೊಂಡು, ಬಟ್ಟೆಗೆ ಗುರುತು ಮಾಡುವಂತೆ, ರುಜುವಿನ ಜಾಗದಲ್ಲಿ ಹೆಬ್ಬೆರಳಿನ ಉಗುರಿನಿಂದ ಒತ್ತಿ ಅಡ್ಡಕ್ಕೆ ಗೀರಿದಳು. ವಕೀಲರು "ಅಯ್ಯೋ, ಛಾಪಾ ಕಾಗದ..." ಎನ್ನುವಷ್ಟರಲ್ಲಿ ಗೀರಾಗಿತ್ತು.

ಅತ್ತೆ ಎಡಗೈ ಬೆರಳಿನಿಂದ ಆ ಗೀರನ್ನು ಈ ತುದಿಯಿಂದ ಆ ತುದಿಗೆ ತಡವಿದಳು.

"ಬಲಗಡೆ ಒಂದು ನೂಲಿನಷ್ಟು ಮೇಲೆ ಹೋಗಿದೆ ಕಣೇ."

"ಬಿಚ್ಚಿಸ್ತೀರಾ?"

"ಇರಲಿ ಬಿಡು," ಎಂದು ಅತ್ತೆ, ಗೀರಿನ ಮೇಲೆ ಬೆರಳಿಟ್ಟುಕೊಂಡೇ, ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆಯತೊಡಗಿದಳು.