ಅತ್ತೆ ಇಟ್ಟ ಹೆಸರು

ಶವಪೆಟ್ಟಿಗೆಯಲ್ಲಿ ಮಲಗಿದ್ದ ಅತ್ತೆಯ ಇಳಕಲ್ ಸೀರೆಯ ಸೆರಗು ಸರಿಪಡಿಸುತ್ತಿದ್ದ ಗುಡುಗು, ಅಪ್ಪನ ಮಾತಿಗೆ ತಟ್ಟನೆ ಕೈ ಹಿಂದೆಗೆದುಕೊಂಡಳು.

"ನನ್ ಕೈಲಿ ಆಗಲ್ಲ ಅಪ್ಪಾ. ಬೇರೆ ಯಾರಾದ್ರೂ ಕೂಗಲಿ, ಪ್ಲೀಸ್."

"ಬ್ಯಾರೆ ಯಾರದಾರ? ನಮ್ಮಕ್ಕ ಮಲ್ಲವ್ವಗ ಮಕ್ಕಳಿಲ್ಲ, ಮರಿಯಿಲ್ಲ," ಎಂದ ಯೋಗೀಶ. "ಒಯ್ಯೂಕಿಂತ ಮೊದಲ ಕಿವ್ಯಾಗ ಮೂರು ಸಲ ಕೂಗಬೇಕು. ಜೀವ ಇದ್ರ ಓ ಅನ್ನಲಿ ಅಂತ. ನಮ್ಮ ಕಡೆ ಪದ್ಧತಿ ಅದು."

ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಆ ಶವಸಂಸ್ಕಾರದ ಹಾಲ್‌ನಲ್ಲಿ ನೆರೆದವರು ಅಳುವುದನ್ನೂ ಪಿಸುದನಿಯಲ್ಲೇ ಮುಗಿಸುವಷ್ಟು ಸಭ್ಯರು. ಗುಡುಗು ಅವರನ್ನೂ ಮೀರಿಸಿದವಳು. ಹೆಸರೊಂದೇ ಗುಡುಗು, ಅವಳ ದನಿ ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಮೆಲ್ಬರ್ನ್‌ನ ಆಫೀಸಿನಲ್ಲಿ ಆ ಹೆಸರಿನ ಅರ್ಥ ಹೇಳಿ ಹೇಳಿ ರೋಸಿಹೋಗಿ, ಅದನ್ನು ಬದಲಿಸಲು ತೀರ್ಮಾನಿಸಿದ್ದಳು. ಹೆಸರಿಟ್ಟ ಮಲ್ಲವ್ವತ್ತೆಗೆ ಎದುರು ಕೂತೇ ಹೇಳಬೇಕೆಂದು ಟಿಕೆಟ್ ಬುಕ್ ಮಾಡಿದ್ದಳು. ಅಷ್ಟರಲ್ಲಿ ಅತ್ತೆಯೇ ಹೋಗಿಬಿಟ್ಟಳು.

"ಅತ್ತಿ ಕೊಟ್ಟ ಹೆಸರು ಬೇಡ ಅನ್ನೋಕೆ ಹೊರಟಿದ್ದೆ. ಈಗ ಯಾವ ಮುಖ ಇಟ್ಕೊಂಡು ಕೂಗ್ಲಿ?"

ಯೋಗೀಶ ಸಿಟ್ಟಾಗಲಿಲ್ಲ. "ಯಾಕ ಇಟ್ಟಳು ಅಂತ ನಿನಗ ನಾವು ಹೇಳಲೇ ಇಲ್ಲ. ನೀ ಹುಟ್ಟಿದಾಗಿನ ಸುದ್ದಿ ತಗದ್ರ ನಿಮ್ಮವ್ವ ಅಳ್ತಿದ್ಲು," ಎಂದು ಮಗಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡ.

*

ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಅಳಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೆ ನಳಿಕೆ ಹಾಕಿಸಿಕೊಂಡು ವಾರಗಟ್ಟಲೆ ಸುಮ್ಮನೆ ಮಲಗಿತ್ತು. ಅಪ್ಪ ಅಮ್ಮ ನೋಡಲಾರದೆ ಹೊರಗೆ ಕೂತರು. ಬಾಣಂತನಕ್ಕೆಂದು ಗದಗಿನಿಂದ ಸಿಡ್ನಿಗೆ ಬಂದಿದ್ದ ಮಲ್ಲವ್ವ ಮಾತ್ರ ಪಕ್ಕ ಬಿಟ್ಟು ಕದಲಲಿಲ್ಲ. "ಒಂದ ಸಲ ಒದರು ನನ್ನವ್ವಾ, ದವಾಖಾನಿ ಹಾರಿಹೋಗಲಿ," ಎಂದು ಗಾಜಿಗೆ ಬಾಯಿಟ್ಟು ಬೇಡುತ್ತಿದ್ದಳು.

ಕೂಸು ಉಳಿಯಿತು. ತೊಟ್ಟಿಲಿಗೆ ಹಾಕುವ ದಿನಕ್ಕೆ ಅಪ್ಪ ಅಮ್ಮ ಆರಿಸಿದ್ದ ಹೆಸರು ಮೌನಾ. ಆದರೆ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುವುದು ರೂಢಿ. ಮಲ್ಲವ್ವ ಬಗ್ಗಿ, ಎಲ್ಲರಿಗೂ ಕೇಳುವಂತೆ "ಗುಡುಗು" ಎಂದಳು. ಅಂದಿನ ಗುದ್ದುಗಳಲ್ಲಿ ತಮಾಷೆ ಇರಲಿಲ್ಲ. ಅವಳು ಬೆನ್ನು ಕೊಟ್ಟೇ ನಿಂತಳು.

"ಇಕಿ ಸುಮ್ಮನಿದ್ದಾಗ ನನ್ನ ಜೀವ ಹೋಗಿತ್ತು. ಮತ್ತ ಮೌನ ಅಂತೀರೇನು? ಇಕಿ ದನಿ ನನಗ ಕೇಳ್ತಿರಬೇಕು."

ಕೂಸಿಗಾಗಿ ಅವಳು ಸಿಡ್ನಿಯಲ್ಲೇ ಉಳಿದಳು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದಳು, ಬಾಲ್ಕನಿಯ ಕುಂಡದಲ್ಲಿ ಮೆಂತ್ಯ ಬೆಳೆದಳು.

*

ಕಪ್ಪು ಕೋಟಿನವನು ಶವಪೆಟ್ಟಿಗೆಯ ಮುಚ್ಚಳ ಹಿಡಿದು ಕಾಯುತ್ತಿದ್ದ. ಗುಡುಗು ಎದ್ದುಹೋಗಿ ಬಗ್ಗಿದಳು. ಅತ್ತೆಯ ಕಿವಿ ತಣ್ಣಗಿತ್ತು. ಇಷ್ಟೊಂದು ಪ್ರೀತಿಯನ್ನು ಇಷ್ಟು ವರ್ಷ ನಾಚಿಕೆಯೆಂದು ಹೊತ್ತೆನಲ್ಲ ಎಂದುಕೊಂಡಳು. ಮೊದಲೆರಡು ಸಲ ಕೂಗಿದ್ದು ಅವಳಿಗೇ ಕೇಳಿಸಲಿಲ್ಲ.

"ಅತ್ತೀ! ನಾನು, ಗುಡುಗು!"

ಹೊರಗೆ ಪಾರ್ಕಿಂಗಿನಲ್ಲಿ, ಮುಂದಿನ ಶವಸಂಸ್ಕಾರಕ್ಕೆ ಬಂದು ನಿಂತಿದ್ದ ಯಾರೋ ಅಪರಿಚಿತರು ಮಾತು ನಿಲ್ಲಿಸಿ ಬಾಗಿಲ ಕಡೆ ತಿರುಗಿದರು. ಅವರಲ್ಲೊಬ್ಬ ಮುದುಕ ಮೆಲ್ಲಗೆ ಹ್ಯಾಟು ತೆಗೆದ.