ರಿಜಿಸ್ಟ್ರಾರ್ ಗಾರ್ಟಿಯವರ ಪೆನ್ನು

ಕ್ಲಿಪ್ಪಿನ ತುದಿಗೆ ಪುಟ್ಟ ಗುಂಡು, ಕ್ಯಾಪಿನ ಅಂಚಿಗೆ ಎರಡು ತೆಳ್ಳನೆಯ ಚಿನ್ನದ ಪಟ್ಟಿ, ಅಷ್ಟೇ ಕಾಣುತ್ತದೆ, ಉಳಿದದ್ದು ಕೋಟಿನ ಜೇಬಿನೊಳಗೆ — ಕಡಲ ಗಾಳಿ ಬೀಸಿದಾಗ ಫ್ಲೆಕ್ಸು ಉಬ್ಬುತ್ತದೆ, ಜೇಬೂ ಉಬ್ಬುತ್ತದೆ, ಮೇಲೆ ಗಾರ್ಟಿಯವರ ಮುಖವೂ ಇದೆ, ಇರಬೇಕಲ್ಲ, ಸತ್ತವರು ಅವರೇ, ಎಂಬತ್ತೊಂದು ವರ್ಷ, ಕೋರ್ಟಿನ ನಿವೃತ್ತ ರಿಜಿಸ್ಟ್ರಾರ್, ಪ್ರಭುವಿನ ಕರೆಗೆ ಓಗೊಟ್ಟರು ಎಂದು ಕೆಳಗೆ ದಪ್ಪ ಅಕ್ಷರ, ಆದರೆ ಐದು ವಾರದ ಹಿಂದೆ ಮೀನು ಮಾರುಕಟ್ಟೆಯ ಗೋಡೆಯ ಮೇಲೆ ಇದೇ ಚಿತ್ರ ಮೊದಲು ಕಂಡಾಗ ನನ್ನ ಕಣ್ಣು ಮುಖದ ಮೇಲೆ ನಿಲ್ಲಲೇ ಇಲ್ಲ, ಜಾರಿ ಜೇಬಿಗೆ ಬಿತ್ತು, ಛೆ ಪಾಪ ಹೋಗಿಬಿಟ್ಟರೇ ಅನ್ನುವ ಮಾತು ಬಂದದ್ದು ಆಮೇಲೆ, ಮನೆ ಮುಟ್ಟಿ ಚಪ್ಪಲಿ ಬಿಟ್ಟ ಮೇಲೆ. ಹೀಗೇ ನಾನು. ನಮ್ಮ ಕೇಪ್ ಕೋಸ್ಟ್ ಊರಿನ ಗೋಡೆಗಳ ಮೇಲಿನ ಸಾವಿನ ಪೋಸ್ಟರುಗಳನ್ನು ಜನ ದುಃಖಕ್ಕೆ ಓದುತ್ತಾರೆ, ಕೆಲವರು ಊಟಕ್ಕೆ ಓದುತ್ತಾರೆ, ನಾನು ಬೇಟೆಗೆ ಓದುತ್ತೇನೆ — ದೋಣಿಯವನು, ಬಿಡು, ಲಾರಿ ಡ್ರೈವರ್, ಬಿಡು, ಚರ್ಚಿನ ಉಪದೇಶಿ, ನಿಲ್ಲು, ಹೆಡ್‌ಮಾಸ್ಟರ್, ನಿಲ್ಲು, ವಕೀಲರ ಗುಮಾಸ್ತ, ವಿಳಾಸ ಬರೆದುಕೋ, ಎಂಟು ದಿನ ಬಿಟ್ಟು ಪದ್ಧತಿಯಂತೆ ಒಂದು ಬಾಟಲಿ ಜಿನ್ ಹಿಡಿದು ಹೋಗು, ಮುಖ ಸಣ್ಣ ಮಾಡಿಕೋ, ಅವರು ನನ್ನ ಗುರು ಸಮಾನ ಅನ್ನು, ನೆನಪಿಗೆ ಏನಾದರೂ ಸಣ್ಣದು, ಏನೂ ಬೇಡ, ಒಂದು ಹಳೇ ಪೆನ್ನು ಇದ್ದರೆ ಸಾಕು ಅನ್ನು. ಬೆಂಟ್ಸಿಲ್ ಟೀಚರ್ ಎಷ್ಟು ಒಳ್ಳೆಯವರು, ಮೂವತ್ನಾಲ್ಕು ವರ್ಷ ಮಕ್ಕಳಿಗೆ ಕೈಬರಹ ಕಲಿಸಿದವರು, ಯಾರ ಸಾವಿಗೂ ತಪ್ಪಿಸುವುದಿಲ್ಲ, ಅನ್ನುತ್ತಾರೆ ನನ್ನ ಬಗ್ಗೆ. ಈಗ ಶಾಮಿಯಾನದ ಕೆಳಗೆ, ಮೂರನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎಡ ಹೆಗಲ ಮೇಲಿನಿಂದ ಹೊದ್ದ ಕಪ್ಪು ಬಟ್ಟೆಯೊಳಗೆ ಎಡತೋಳನ್ನು ಪಕ್ಕೆಗೆ ಒತ್ತಿಕೊಂಡು ಕೂತಿದ್ದೇನೆ, ಫ್ಲೆಕ್ಸಿನ ಜೇಬಿನಲ್ಲಿರುವ ಪೆನ್ನು ನನ್ನ ಕಂಕುಳಲ್ಲಿದೆ.

ಪಕ್ಕದಲ್ಲಿ ಒಟು, ಅಂಚೆ ಕಚೇರಿಯಲ್ಲಿ ಇದ್ದವನು, ತೊಡೆಯ ಮೇಲೆ ಮೆಕ್ಕೆಜೋಳದ ಕೆಂಕೆ ಮುದ್ದೆಯ ಪೊಟ್ಟಣ ಬಿಚ್ಚಿ ಕರಿದ ಮೀನಿನ ಮುಳ್ಳು ಆರಿಸುತ್ತಿದ್ದಾನೆ, ಏನ್ ಟೀಚರ್, ತಿನ್ನಲ್ವಾ, ಸತ್ತೋರಿಗಿಂತ ಮುಂಚೆ ಬಂದು ಕೂತಿರ್ತೀರಿ, ತಿನ್ನೋದು ಮಾತ್ರ ಇಲ್ಲ, ಹಸಿವಿಲ್ಲ ಒಟು, ಹಸಿವು ಇದೆ ಬಿಡಿ ನಿಮಗೆ, ಅನ್ನದ್ದಲ್ಲ ಅಷ್ಟೇ. ನಗುತ್ತಾನೆ. ನಗಲಿ. ಊರಿಗೆಲ್ಲ ಗೊತ್ತು, ಪೆನ್ನಿನ ಹದ್ದು ಅನ್ನುತ್ತಾರಂತೆ ಹಿಂದಿನಿಂದ, ಹದ್ದಾದರೂ ಹೊಟ್ಟೆ ತುಂಬಿದ ಮೇಲೆ ಹಾರಿಹೋಗುತ್ತದೆ. ನನಗೆ ತುಂಬುವುದಿಲ್ಲ. ಸಿಗುವ ಮುಂಚಿನ ಆ ಒಂದು ಗಳಿಗೆ ಇದೆಯಲ್ಲ, ಬಾಯಿ ಒಣಗಿ ಕಿವಿಯ ಹಿಂದೆ ಬಿಸಿ ಏರುವ ಗಳಿಗೆ, ಇದೊಂದು ಸಿಕ್ಕಿದರೆ ಸಾಕು ಇನ್ನು ಮುಂದೆ ಇಲ್ಲ ಎಂದು ನಿಜವಾಗಿ ನಂಬುವ ಗಳಿಗೆ, ಅದಕ್ಕಾಗಿ ಎಷ್ಟು ಮನೆಗಳ ಮೆಟ್ಟಿಲು ಹತ್ತಿದೆ, ಎಲ್ಮಿನಾದ ಆ ಕುರುಡು ಪಾದ್ರಿಯ ಹತ್ತಿರ, ಸೆಕೊಂಡಿಯ ರೈಲ್ವೆ ಗುಮಾಸ್ತನ ಸೊಸೆಯ ಹತ್ತಿರ — ಸಿಕ್ಕಿತು, ಮನೆಗೆ ತಂದೆ, ಬಿಚ್ಚಿದೆ, ಒಳಗಿನ ರಬ್ಬರ್ ಚೀಲ ಬಿಸ್ಕತ್ತಿನಂತೆ ಪುಡಿಯಾಗಿ ಉದುರಿತು, ತೊಳೆದೆ, ಒರೆಸಿದೆ, ಮೂಸಿದೆ, ಹಳೆಯ ಕರ್ಪೂರದ ವಾಸನೆ, ಎರಡು ದಿನ ದಿಂಬಿನ ಹತ್ತಿರ ಇಟ್ಟುಕೊಂಡೆ, ಮೂರನೆಯ ದಿನ ಅದು ಉಳಿದವುಗಳ ಪಕ್ಕ ಮಲಗಿತು, ಉಳಿದವುಗಳ ಹಾಗೆಯೇ ಆಯಿತು, ನಾನು ಮತ್ತೆ ಗೋಡೆ ಓದಲು ಹೊರಟೆ. ಒಂದಕ್ಕೂ ಶಾಯಿ ತುಂಬಿಸಲಿಲ್ಲ. ಶಾಯಿ ಬಿದ್ದರೆ ಬಣ್ಣ ಕೆಡುತ್ತದೆ. ನನ್ನ ಹೆಂಡತಿ ಅರಬಾ ಕೇಳಿದ್ದಳು, ಒಂದೇ ಸಲ ಕೇಳಿದ್ದಳು, ಅವಳು ಟಾಕೊರಾಡಿಗೆ ತಂಗಿಯ ಬಾಣಂತನಕ್ಕೆ ಹೋಗಿದ್ದಾಗ ಅವಳ ಹೊಲಿಗೆ ಯಂತ್ರ ಕೊಟ್ಟು ನಾನು ಕಪ್ಪು ಕೆಂಪು ಅಲೆಯ ಒಂದು ಪೆನ್ನು ತಂದಿದ್ದೆ, ಬಂದಳು, ಕಿಟಕಿಯ ಕೆಳಗೆ ಯಂತ್ರದ ನಾಲ್ಕು ಕಾಲಿನ ಗುರುತು ನೋಡಿದಳು, ಕೂಗಾಡಲಿಲ್ಲ, ಮಿಷನ್ ಹೋದ್ರೆ ಹೋಗ್ಲಿ, ಆ ಪೆನ್ನಲ್ಲಿ ಏನು ಬರೀತೀರ ಅಷ್ಟು ಹೇಳಿ ನಂಗೆ. ನಾನು ಪೆನ್ನನ್ನು ಒರೆಸಿ ಗಾಜಿನ ಕಪಾಟಿನಲ್ಲಿಟ್ಟೆ. ಅವಳು ಪಕ್ಕದ ಮನೆಯ ಯಂತ್ರದಲ್ಲಿ ಕೂತು ಕೇರಿಯ ಮಕ್ಕಳ ಸ್ಕೂಲು ಬಟ್ಟೆ ಹೊಲಿದಳು, ಆರು ವರ್ಷ, ಮತ್ತೆ ಅದರ ಮಾತು ಎತ್ತಲಿಲ್ಲ, ಎತ್ತಿದ್ದರೆ ಒಳ್ಳೆಯದಿತ್ತು, ಬೈದಿದ್ದರೆ ನಾನೂ ಬೈಯುತ್ತಿದ್ದೆ, ಲೆಕ್ಕ ಚುಕ್ತಾ ಆಗುತ್ತಿತ್ತು.

ಈ ಪೆನ್ನಿಗೂ ಜಿನ್ ಹಿಡಿದೇ ಹೋಗಿದ್ದೆ, ಎಂಟನೆಯ ದಿನ, ಗಾರ್ಟಿಯವರ ಹೆಂಡತಿ ಎಕುವಾ ಅಂಗಳದಲ್ಲಿ ಸೂತಕದ ಕೆಂಪು ಬಟ್ಟೆ ಉಟ್ಟು ಕೂತಿದ್ದಳು, ಅಗಲ ಮುಖ, ಮೀನು ಹೊಗೆ ಹಾಕಿ ಹಾಕಿ ಕೆಂಪಾದ ಕಣ್ಣು, ತಲೆ ಬಾಗಿಸಿದೆ, ಗುರು ಸಮಾನ ಅಂದೆ, ನೆನಪಿಗೆ ಅಂದೆ, ಆ ಜೇಬಿನ ಪೆನ್ನು ಅಂದೆ. ಅದಾ, ಅದು ಈಗ ನಂದು ಕಣ್ರೀ ಟೀಚರ್. ಮದುವೆ ಆದಾಗ ನಂಗೆ ಒಂದಕ್ಷರ ಬರ್ತಿರ್ಲಿಲ್ಲ, ಅವರು ಕೋರ್ಟಿಂದ ಬಂದು ಕೋಟು ಬಿಚ್ಚೋಕೂ ಮುಂಚೆ ನನ್ನ ಕೈ ಹಿಡ್ಕೊಂಡು ಆ ಪೆನ್ನಲ್ಲೇ ಬರೆಸೋರು, ಮೊದಲು ನನ್ನ ಹೆಸರು, ಆಮೇಲೆ ಮೀನಿನ ಹೆಸರು, ನನ್ನ ಕೈ ಭಾರಕ್ಕೆ ನಿಬ್ಬು ನನ್ನ ಕಡೇಗೇ ವಾಲ್ಬಿಟ್ಟಿದೆ, ಕೊನೆಕೊನೆಗೆ ಅವರು ಬರೆದ್ರೂ ಗೀಚ್ತಿತ್ತು, ನಂಗೆ ಮಾತ್ರ ಸಲೀಸು. ನಾನು ಏನು ಯೋಚಿಸಿದೆ ಆಗ, ಹೆಂಗಸೊಬ್ಬಳ ಮಾತು ಕೇಳಿ ಕಣ್ಣು ಒದ್ದೆಯಾಗಬೇಕಾದ ಜಾಗದಲ್ಲಿ ನಾನು ಯೋಚಿಸಿದ್ದು, ಅಂಥ ನಿಬ್ಬು, ಎಂಬತ್ತು ವರ್ಷದ ಹಿಂದಿನ ಮೆತ್ತನೆ ಚಿನ್ನ, ಇವಳು ಅದರಲ್ಲಿ ಬಂಗಡೆ ಎಷ್ಟು ಬುಟ್ಟಿ ಎಂದು ಬರೆಯುತ್ತಾಳೆ. ಬದಲಿಗೆ ಎರಡು ಹೊಸ ಪೆನ್ನು ಕೊಡ್ತೀನಮ್ಮ, ಒಳ್ಳೇವು. ಎಕುವಾ ನನ್ನ ಮುಖ ನೋಡಿದಳು, ವ್ಯಂಗ್ಯವಿರಲಿಲ್ಲ, ಅದೇ ಕಷ್ಟ, ನಿಜವಾಗಿಯೂ ಮರುಕದಿಂದ ಕೇಳಿದಳು, ಯಾಕೆ ಟೀಚರ್, ನಿಮ್ಮ ಮನೇಲಿ ಬರೆಯೋಕೆ ಪೆನ್ನಿಲ್ವಾ. ಇವತ್ತು ಸಂಸ್ಕಾರ, ನಮ್ಮಲ್ಲಿ ಅದಕ್ಕೆ ವಾರಗಟ್ಟಲೆ ಕಾಯುತ್ತಾರೆ, ಬೆಳಿಗ್ಗೆ ಚರ್ಚಿನಿಂದ ಎಲ್ಲರೂ ಇಲ್ಲಿಗೆ ಬಂದೆವು, ಮೇಜಿನ ಮೇಲೆ ಬಿಳಿ ಬಟ್ಟೆ, ಸಂತಾಪದ ಪುಸ್ತಕ, ಪುಸ್ತಕದ ನಡುವೆ ಅದು, ಬಿಸಿಲಿಗೆ ಅದರ ಹಸಿರು ಪಟ್ಟೆಗಳು ಪಾಚಿಗಟ್ಟಿದ ನೀರಿನಂತೆ ಒಳಗೊಳಗೇ ಹೊಳೆಯುತ್ತಿದ್ದವು, ಸ್ವಲ್ಪ ಹೊತ್ತಿನ ಹಿಂದೆ ಸಾಲಿನಲ್ಲಿ ನಿಂತೆ, ನನ್ನ ಮುಂದಿನವನು ಹೆಸರು ಗೀಚಿ ಹೋದ, ವಾದ್ಯದವರು ಊದತೊಡಗಿದರು, ಅಕ್ರಾದಿಂದ ಯಾರೋ ನೆಂಟರು ಬಂದಿಳಿದು ಎಕುವಾ ಅವರನ್ನು ತಬ್ಬಿಕೊಳ್ಳಲು ಆಚೆ ಹೋದಳು, ಪೆನ್ನು ನನ್ನ ಕೈಯಲ್ಲಿತ್ತು, ಹಿಂದೆ ಬರೆದವರ ಬೆರಳಿನ ಬಿಸಿ ಇನ್ನೂ ಇತ್ತು ಅದರಲ್ಲಿ, ಕ್ಯಾಪು ತಿರುಗಿಸಿದೆ, ಒಂದು ಸುತ್ತು, ಎರಡು, ಮೂರನೆಯದಕ್ಕೆ ಹಿತವಾಗಿ ಬಿಗಿಯಿತು, ಕದಿಯಬೇಕೆಂದು ಅಂದುಕೊಂಡಿರಲಿಲ್ಲ — ಸುಳ್ಳು, ಯಾರಿಗೆ ಹೇಳುತ್ತಿದ್ದೇನೆ ಈ ಸುಳ್ಳು, ಒಳಗೆ ಕೇಳುವವರು ಯಾರಿದ್ದಾರೆ, ಐದು ವಾರದಿಂದ ಇದನ್ನೇ ಅಂದುಕೊಳ್ಳುತ್ತಿದ್ದೆ, ಅದಕ್ಕೇ ಅಂಗಿ ಹಾಕದೆ ಅಗಲದ ಬಟ್ಟೆ ಹೊದ್ದು ಬಂದದ್ದು.

ಬೆವರೋ. ಬೆವರಲ್ಲ, ತಣ್ಣಗಿದೆ, ಪಕ್ಕೆಗುಂಟ ಇಳಿಯುತ್ತಿದೆ, ಶಾಯಿ, ಮೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಕಕ್ಕುತ್ತಿದೆ, ಗೊತ್ತಿರಬೇಕಿತ್ತು, ಅರ್ಧ ತುಂಬಿದ ಹಳೇ ಪೆನ್ನನ್ನು ಕಂಕುಳಲ್ಲಿ ಇಟ್ಟುಕೊಳ್ಳಬಾರದೆಂದು ಗೊತ್ತಿರಬೇಕಿತ್ತು, ಆದರೆ ತುಂಬಿದ ಪೆನ್ನು ಮುಟ್ಟಿ ಎಷ್ಟು ವರ್ಷವಾಯಿತು, ಬಲಗೈ ಒಳಗೆ ಹಾಕಿ ಸರಿಸಿದೆ, ಬೆರಳು ಒದ್ದೆ. ವಾದ್ಯದ ಅಬ್ಬರ ಜೋರಾಗಿದೆ, ಡೋಲಿನವನು ನೆಲ ಅದುರುವಂತೆ ಬಾರಿಸುತ್ತಿದ್ದಾನೆ, ಮೇಜಿನ ಹತ್ತಿರ ಎಕುವಾ, ಅವಳ ಪಕ್ಕ ಕೋಲೂರಿದ ಮುದುಕಿ, ಮೀನಿನ ಹೆಂಗಸು, ಬರೆಯಲು ಬಾರದವಳು, ಅವಳ ಹೆಸರನ್ನು ಎಕುವಾ ಬರೆದುಕೊಡಬೇಕು, ಬೆಳಿಗ್ಗೆಯಿಂದ ಅಕ್ಷರ ಬಾರದವರಿಗೆಲ್ಲ ಅವಳೇ ಬರೆದುಕೊಡುತ್ತಿದ್ದಾಳೆ, ಮೇಜಿನ ಬಟ್ಟೆ ಎತ್ತುತ್ತಾಳೆ, ಪುಸ್ತಕ ಎತ್ತುತ್ತಾಳೆ, ಬಗ್ಗಿ ಹುಲ್ಲಿನಲ್ಲಿ ನೋಡುತ್ತಾಳೆ, ಕೂಗಿದರೆ ಕೇಳುವುದಿಲ್ಲ ಯಾರಿಗೂ, ನಮ್ಮ ಕಡೆ ತಿರುಗಿ ಕೈ ಎತ್ತುತ್ತಾಳೆ, ಹೆಬ್ಬೆರಳು ತೋರುಬೆರಳು ನಡುಬೆರಳು ಜೋಡಿಸಿ ಗಾಳಿಯಲ್ಲಿ ಆಡಿಸುತ್ತಾಳೆ, ಪೆನ್ನು, ಪೆನ್ನು ಕಂಡಿರಾ. ಬೇಡ. ಹಾಗೆ ಮಾಡಬೇಡ. ಬೇರೆ ಏನಾದರೂ ಮಾಡು, ಬೈ, ಅಳು, ಆ ಕೈ ಇಳಿಸು. ಅರಬಾ ಹೀಗೇ ಮಾಡಿದ್ದಳು, ಎರಡು ವರ್ಷವಾಯಿತು, ಊಟದ ಹೊತ್ತು ಕಳೆದಿತ್ತು, ಆಸ್ಪತ್ರೆಯಿಂದ ಮನೆಗೆ ತಂದು ನಾಲ್ಕನೆಯ ದಿನ, ಎಡಭಾಗ ಬಿದ್ದುಹೋಗಿತ್ತು, ನಾಲಿಗೆ ತಿರುಗುತ್ತಿರಲಿಲ್ಲ, ಗಂಟಲಿನಿಂದ ಬರೀ ಗೊರಗೊರ, ಆದರೆ ಕಣ್ಣು ಅವಳದೇ, ಬಲಗೈ ಅವಳದೇ, ಮೂರು ಬೆರಳು ಜೋಡಿಸಿ ಗಾಳಿಯಲ್ಲಿ ಬರೆದು ತೋರಿಸಿದಳು, ಬರೆಯಬೇಕು, ನಿಮಗೆ ಏನೋ ಹೇಳಬೇಕು, ಪೆನ್ನು ಕೊಡಿ. ಆ ಮನೆಯಲ್ಲಿ ಇನ್ನೂರ ಹದಿನೇಳು ಪೆನ್ನು. ತರ್ತೀನಿ ಅರಬಾ, ಈಗ ತಂದ್ಬಿಟ್ಟೆ ಅಂದು ಕಪಾಟಿಗೆ ಹೋದೆ, ಅದೇ ಕೋಣೆ, ಏಳು ಹೆಜ್ಜೆ, ಬಾಗಿಲು ತೆಗೆಯದೆ ಮೊದಲು ಗಾಜಿನಿಂದಲೇ ನೋಡಿದೆ, ಇದು ಬೇಡ, ನಿಬ್ಬು ಮೆತ್ತಗೆ, ಅವಳ ಕೈ ಸ್ತಿಮಿತದಲ್ಲಿಲ್ಲ, ಒತ್ತಿದರೆ ಸೀಳುತ್ತದೆ, ಇದು ಬೇಡ, ಇದಕ್ಕೆ ಇದುವರೆಗೆ ಶಾಯಿ ಸೋಕಿಲ್ಲ, ಅದು, ಅದರ ಜೋಡಿ ಎಲ್ಲೂ ಸಿಗುವುದಿಲ್ಲ, ಕಂದು ಬಣ್ಣದ್ದು ಆಗಬಹುದು, ಆದರೆ ಬಿದ್ದರೆ, ಕಪ್ಪು ಆಗಬಹುದು — ಎಷ್ಟು ಹೊತ್ತು ನಿಂತೆ, ಹತ್ತು ನಿಮಿಷವೋ ಇಪ್ಪತ್ತೋ, ತೀರಾ ಸಾಧಾರಣವಾದ ಒಂದನ್ನು ಕೊನೆಗೂ ಆರಿಸಿ, ಹಳೇ ಬಾಟಲಿಯಲ್ಲಿ ಗಟ್ಟಿಯಾದ ಶಾಯಿಗೆ ನೀರು ಬೆರೆಸಿ ತಿರುಗಿದಾಗ ಕೈ ಎದೆಯ ಮೇಲೆ ಬಿದ್ದಿತ್ತು, ನಿದ್ದೆ ಅಂದುಕೊಂಡೆ, ಎದ್ದ ಮೇಲೆ ಬರೆಯಲಿ ಅಂದುಕೊಂಡೆ, ಎಬ್ಬಿಸುವುದು ಬೇಡವೆಂದು ಪೆನ್ನನ್ನು ಜಾಗಕ್ಕೆ ಇಟ್ಟೂ ಬಂದೆ, ಸಂಜೆ ಮಗಳು ಸೂಪು ತಂದು ಮುಟ್ಟಿ ನೋಡಿ ಕಿರುಚಿದಳು.

ಒಟು ಜೇಬಿನಿಂದ ಬಾಲ್‌ಪೆನ್ನು ತೆಗೆದು ಮೇಲೆತ್ತಿ ತೋರಿಸುತ್ತಾನೆ, ಎಕುವಾ ತಲೆಯಾಡಿಸುತ್ತಾಳೆ, ಇಲ್ಲ, ಅದೇ ಬೇಕಂತೆ ನೋಡಿ, ಒಟು ನನ್ನ ಕಡೆ ತಿರುಗುತ್ತಾನೆ, ಟೀಚರ್, ನಿಮ್ಮ ಬೆರಳೇನು ನೀಲಿ ಆಗಿದೆ. ಅವನ ಬಾಯಿಯಲ್ಲಿ ಮೀನು ಹಾಗೇ ಇದೆ, ಅಗಿಯುತ್ತಿಲ್ಲ. ಎದ್ದು ನಿಲ್ಲುತ್ತೇನೆ, ಎದ್ದು ನಿಂತೆ ಎಂದು ಗೊತ್ತಾಗುವುದು ನಿಂತ ಮೇಲೆ, ಗೇಟು ಎಡಕ್ಕೆ, ಮೇಜು ಬಲಕ್ಕೆ, ಗೇಟಿನಾಚೆ ಟ್ಯಾಕ್ಸಿಗಳಿವೆ, ಕಾಲು ಬಲಕ್ಕೆ ಹೋಗುತ್ತದೆ, ಯಾಕೆ ಹೋಯಿತೋ, ಒಳ್ಳೆಯತನವಲ್ಲ, ಆ ಕೈ ಇಳಿದರೆ ಸಾಕಿತ್ತು ನನಗೆ, ಬಟ್ಟೆಯೊಳಗಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ, ಕುರ್ಚಿ ಕೆಳಗೆ ಬಿದ್ದಿತ್ತಮ್ಮ ಎಂಬ ಸುಳ್ಳನ್ನೂ ಸಿದ್ಧ ಮಾಡಿಕೊಂಡಿದ್ದೆ, ನೀಲಿ ಬೆರಳಿನ ಮುಂದೆ ಅದು ನಡೆಯುತ್ತಿರಲಿಲ್ಲ. ಎಕುವಾ ನನ್ನ ಕೈ ನೋಡಿದಳು, ಪಕ್ಕೆಯ ಮೇಲೆ ಹರಡಿದ ನೀಲಿ ನೋಡಿದಳು, ತನ್ನ ಸೆರಗಿಗೆ ಪೆನ್ನು ಒರೆಸಿದಳು, ಮುದುಕಿಯ ಕಡೆ ತಿರುಗಿ ನಿನ್ನ ಹೆಸರು ಪೂರ್ತಿ ಹೇಳವ್ವ ಅಂದಳು, ನಿಧಾನವಾಗಿ ಬರೆದಳು, ದೊಡ್ಡ ದೊಡ್ಡ ಅಕ್ಷರ, ಮುದುಕಿ ಬಗ್ಗಿ ತನ್ನ ಹೆಸರನ್ನು ನೋಡಿಕೊಂಡು ಮುಟ್ಟಿದಳು, ಹೋದಳು. ಎಕುವಾ ಪೆನ್ನನ್ನು ನನ್ನ ಕಡೆ ಚಾಚಿದಳು. ನೀವೂ ಬರೀರಿ ಟೀಚರ್. ಬೇಡಮ್ಮ. ಬರೀರಿ, ಇಷ್ಟು ಹೊತ್ತು ಬೆಚ್ಚಗೆ ಇಟ್ಕೊಂಡಿದ್ರಲ್ಲ, ಹೇಗೆ ಬರೆಯುತ್ತೆ ಅಂತಾನೂ ನೋಡ್ಬಿಡಿ. ದನಿ ಏರಿಸಲಿಲ್ಲ, ಹಿಂದೆ ನಿಂತವರಿಗೆ ಕೇಳಿಸಿರಲಾರದು, ಒಟುವಿಗೂ ಇಲ್ಲ, ಹೇಳಿ ಪಕ್ಕಕ್ಕೆ ಸರಿದು ನಿಂತಳು, ಕಾಯುತ್ತಾ. ಬಾಗುತ್ತೇನೆ. ಬಿಳಿ ಹಾಳೆ, ಗಾಳಿಗೆ ಏಳದಂತೆ ಎಡಗೈ ಒತ್ತುತ್ತೇನೆ, ನೀಲಿ ಹೆಬ್ಬೆಟ್ಟು ಮೂಡುತ್ತದೆ, ಮೂವತ್ನಾಲ್ಕು ವರ್ಷ ಬೇರೆಯವರ ಅಕ್ಷರ ತಿದ್ದಿದ ಕೈ, ಗಾರ್ಟಿಯವರೇ ಎಂದು ಶುರುಮಾಡಬೇಕು, ಅಷ್ಟು ಬರೆದರೆ ಮುಂದಿನದು ಬರುತ್ತದೆ, ನಿಬ್ಬು ಹಾಳೆಯಿಂದ ಕೂದಲೆಳೆಯಷ್ಟು ಮೇಲೆ ನಿಂತಿದೆ, ಇಳಿಯುವುದಿಲ್ಲ — ಅವತ್ತು ನಾನು ನೋಡಿದೆ. ಮಗಳಿಗೂ ಹೇಳಿಲ್ಲ ಇದನ್ನು. ಕಪಾಟಿನ ಗಾಜಿನಲ್ಲಿ, ಪೆನ್ನುಗಳ ಸಾಲಿನ ಮೇಲೆ, ನನ್ನ ಬೆನ್ನ ಹಿಂದಿನ ಮಂಚ ಮೂಡಿತ್ತು, ಅವಳ ಕೈ ಮೂಡಿತ್ತು, ನನಗಾಗಿ ಕಾಯದೆ ಅದು ಬರೆಯಲು ಶುರುಮಾಡಿತ್ತು, ಪೆನ್ನಿಲ್ಲದೆ, ಕಾಗದವಿಲ್ಲದೆ, ಗಾಜಿನಲ್ಲಿ ಎಲ್ಲ ತಿರುವುಮುರುವು, ಬಲದಿಂದ ಎಡಕ್ಕೆ, ಒಂದು ಅಕ್ಷರವೂ ಓದಲಾಗಲಿಲ್ಲ, ತಿರುಗಿದ್ದರೆ ಓದಬಹುದಿತ್ತು, ಬರೀ ಕತ್ತು ತಿರುಗಿಸಿದ್ದರೆ ಸಾಕಿತ್ತು, ನನ್ನ ಬೆರಳು ಕಂದು ಪೆನ್ನಿನಿಂದ ಕಪ್ಪು ಪೆನ್ನಿಗೆ ಹೋಗುತ್ತಿತ್ತು, ಗಾಜಿನಲ್ಲಿ ಒಂದು ಸಾಲು ಮುಗಿಯಿತು, ಕೈ ಹಿಂದಕ್ಕೆ ಬಂತು, ಎರಡನೆಯ ಸಾಲು ಶುರುವಾಯಿತು, ಮೂರು ಬೆರಳು, ಜೋಡಿಸಿದ ಮೂರು ಬೆರಳು, ಸಾಲಿನ ಕೊನೆ, ಕೈ ಮತ್ತೆ ಹಿಂದಕ್ಕೆ, ಮೂರು ಬೆರಳು, ಮೂರನೆಯ ಸಾಲು